ಸಣ್ಣ ವಿಮಾನಗಳೂ ಅವುಗಳ ಗಾಲಿಗಳೂ

ಅಹಮದಾಬಾದಿನ ಮೇಘಾಣಿನಗರ, ಕುಬೇರನಗರ, ಸರ್ದಾರ್‌ನಗರಗಳ ಕಡೆ ವಾಸವಾಗಿರುವ ನಮ್ಮ ವಾಚಕರಿಗೆ ವಿಮಾನದ ಹೊಟ್ಟೆಯನ್ನು ಕಾಣುವುದು ಹೊಸತಲ್ಲ. ಮಹಡಿಯ ಮೇಲೆ ಬಟ್ಟೆ ಒಣಹಾಕುವವರಿಗೆ ಅದರ ಗಾಲಿಗಳೂ ಕಾಣುವಷ್ಟು ತಗ್ಗಿನಲ್ಲಿ ಅದು ಹಾದುಹೋಗುವುದುಂಟು. ಆದರೆ 2025ನೆಯ ಇಸವಿ ಜೂನ್ 12ರ ಮಧ್ಯಾಹ್ನದವರೆಗೆ ಆ ಗಾಲಿಗಳ ಕಡೆಗೆ ವಿಶೇಷ ಲಕ್ಷ್ಯವಿತ್ತವರು ಕಡಿಮೆ. ಅಂದು ಲಂಡನ್ನಿಗೆ ಹೊರಟ ಏರ್ ಇಂಡಿಯಾ ವಿಮಾನವು ಮೇಲೆದ್ದ ಅರೆನಿಮಿಷದಲ್ಲಿಯೇ ಬಿ. ಜೆ. ಮೆಡಿಕಲ್ ಕಾಲೇಜಿನ ವಿದ್ಯಾರ್ಥಿನಿಲಯದ ಮೇಲೆ ಬಿದ್ದು, ವಿಮಾನದೊಳಗಿನ 241 ಮಂದಿಯೂ ನೆಲದ ಮೇಲಿದ್ದ 19 ಮಂದಿಯೂ ಸೇರಿ 260 ಜನರು ಅಸುನೀಗಿದರು. ಅದು ಊಟದ ಮೆಸ್ಸಿನಲ್ಲಿ ಬಡಿಸುತ್ತಿದ್ದ ಹೊತ್ತು. ಬಡಿಸುವುದನ್ನೇ ಕಸುಬಾಗಿ ಉಳ್ಳ ನಮ್ಮವರಿಗೆ ಆ ದೃಶ್ಯವನ್ನು ವರ್ಣಿಸಿ ಹೇಳಬೇಕಾದ ಅಗತ್ಯವಿಲ್ಲ.

ಆ ದಿನದ ಚಿತ್ರವನ್ನು ಮೊಬೈಲಿನಲ್ಲಿ ನೋಡಿದ ಅನೇಕರು ನಮ್ಮನ್ನು ಕೇಳಿದ ಪ್ರಶ್ನೆ ಒಂದೇ: "ವಿಮಾನ ಮೇಲೆದ್ದ ಮೇಲೂ ಗಾಲಿಗಳು ಕೆಳಗೇ ಇದ್ದುವಲ್ಲ, ಅದೇಕೆ?" ಅದೇ ವರ್ಷ ಜುಲೈ 12ರಂದು ಹೊರಬಿದ್ದ ಪ್ರಾಥಮಿಕ ವರದಿಯಲ್ಲಿ, ಗಾಲಿಗಳ ಹಿಡಿಯು 'ಕೆಳಗೆ' ಎಂಬ ಸ್ಥಾನದಲ್ಲಿಯೇ ಇದ್ದಿತೆಂದು ನಮೂದಾಗಿರುವುದು ನಿಜ. ಆದರೆ ವರದಿಯ ಪ್ರಧಾನ ಸಂಗತಿ ಅದಲ್ಲ; ಎರಡೂ ಇಂಜಿನುಗಳ ಇಂಧನದ ಸ್ವಿಚ್ಚುಗಳು ಒಂದರ ಹಿಂದೊಂದು ಬಂದ್ ಸ್ಥಾನಕ್ಕೆ ಸರಿದದ್ದು. ಆ ವರದಿಯು ಗಾಲಿಗಳ ಮೇಲೆ ಯಾವ ದೋಷವನ್ನೂ ಹೊರಿಸಿಲ್ಲ.

ಆದರೂ ಪ್ರಶ್ನೆ ಒಳ್ಳೆಯದೇ. ದೊಡ್ಡ ವಿಮಾನಗಳಲ್ಲಿ ಗಾಲಿ ಕೈಕೊಡುವುದು ಬಹು ವಿರಳ. ಗಾಲಿಯ ಕಾಟ ಹೆಚ್ಚಾಗಿ ಕಂಡುಬರುವುದು ಸಣ್ಣ ವಿಮಾನಗಳಲ್ಲಿ: ಖಾಸಗಿಯವರ ನಾಲ್ಕಾರು ಆಸನಗಳ ವಿಮಾನಗಳು, ಫ್ಲೈಯಿಂಗ್ ಕ್ಲಬ್ಬುಗಳ ತರಬೇತಿ ವಿಮಾನಗಳು, ಬಾಡಿಗೆಯ ಸಣ್ಣ ಜೆಟ್ಟುಗಳು, ರೋಗಿಗಳನ್ನು ಸಾಗಿಸುವ ಏರ್ ಆಂಬುಲೆನ್ಸುಗಳು, ಇವೆಲ್ಲ ಅದರಲ್ಲಿ ಸೇರುತ್ತವೆ. ನಮ್ಮ ಮೂರು ನಗರಗಳ ಮೇಲೆಯೂ ಇಂಥವು ಹಾರುತ್ತವೆ. ವಡೋದರಾದಲ್ಲಿ ಗುಜರಾತ್ ಫ್ಲೈಯಿಂಗ್ ಕ್ಲಬ್ಬು ದಶಕಗಳ ಕಾಲ ತರುಣರಿಗೆ ವಿಮಾನಚಾಲನೆಯನ್ನು ಕಲಿಸಿದೆ. ಊರಿನಿಂದ ಇಷ್ಟು ದೂರ ಬಂದು ದುಡಿಯುವ ನಮ್ಮಲ್ಲಿ ಯಾರಾದರೂ ಹಠಾತ್ತನೆ ಹಾಸಿಗೆ ಹಿಡಿದರೆ, ಅವರನ್ನು ಮಣಿಪಾಲಕ್ಕೋ ಮಂಗಳೂರಿಗೋ ಸಣ್ಣ ವಿಮಾನದಲ್ಲಿ ಸಾಗಿಸುವ ಮಾತು ಸಂಘಗಳ ಸಭೆಗಳಲ್ಲಿ ಈಗೀಗ ಕೇಳಿಬರುತ್ತಿದೆ. ಆದಕಾರಣ ಈ ವಿಷಯವನ್ನು ಕುರಿತು ನಾಲ್ಕು ಮಾತು ಬರೆಯಲು ನಾವು ಉದ್ಯುಕ್ತರಾಗಿರುವೆವು.

ಲ್ಯಾಂಡಿಂಗ್ ಗೇರ್ ಎಂದು ಕರೆಯಲ್ಪಡುವ ಈ ಗಾಲಿಗಳಲ್ಲಿ ಎರಡು ಬಗೆಯುಂಟು: ಮಡಚದೆ ಸದಾ ಹೊರಗೇ ಇರುವಂಥವು, ಮತ್ತು ಮೇಲೆದ್ದೊಡನೆ ಹೊಟ್ಟೆಯೊಳಗೋ ರೆಕ್ಕೆಯೊಳಗೋ ಮಡಚಿಕೊಳ್ಳುವಂಥವು. ಹೊರಗೆ ತೂಗಾಡುವ ಗಾಲಿಗಳು ಗಾಳಿಗೆ ಅಡ್ಡವಾಗುತ್ತವೆ. ಬಿಡಿಸಿದ ಕೊಡೆ ಹಿಡಿದು ಓಡುವವನ ಸ್ಥಿತಿ ವಿಮಾನದ್ದಾಗುತ್ತದೆ. ಮಡಚಿದರೆ ವೇಗ ಹೆಚ್ಚು, ಇಂಧನದ ಖರ್ಚು ಕಡಿಮೆ. ಆದರೆ ಮಡಚುವ ವಸ್ತುವಿಗೆ ಮೋಟಾರು ಬೇಕು, ಎಣ್ಣೆಯ ಪಂಪು ಬೇಕು, ಕೊಂಡಿ ಬೇಕು, ತಂತಿ ಬೇಕು. ಇವುಗಳಲ್ಲಿ ಯಾವುದು ಕೆಟ್ಟರೂ ಗಾಲಿ ಇಳಿಯದು. ಅದಕ್ಕೂ ಮಿಗಿಲಾಗಿ, ಇಳಿಸುವುದನ್ನು ಮನುಷ್ಯನು ಮರೆಯಬಹುದು.

ಮಡಚದ ಗಾಲಿಯಲ್ಲಿ ಮರೆಯುವ ಮಾತೇ ಇಲ್ಲ. ಬೆಂಗಳೂರಿನ ಹಿಂದೂಸ್ಥಾನ್ ಕಾರ್ಖಾನೆಯು ತಯಾರಿಸಿದ ಎಚ್.ಟಿ.-2 ಎಂಬ ತರಬೇತಿ ವಿಮಾನವು 1951ರಲ್ಲಿ ಮೊದಲು ಹಾರಿತು. ಫ್ಲೈಯಿಂಗ್ ಕ್ಲಬ್ಬುಗಳಿಗಾಗಿಯೇ ಮಾಡಿದ ಪುಷ್ಪಕವು 1958ರಲ್ಲಿ. ಎರಡಕ್ಕೂ ಇದ್ದುದು ಮಡಚದ ಗಾಲಿಗಳು. (ಗುಜರಾತಿ ಮೂಲದ ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರಕಾರದ ಸಹಾಯದಿಂದ 1940ರಲ್ಲಿ ಆ ಕಾರ್ಖಾನೆಯನ್ನು ಸ್ಥಾಪಿಸಿದರೆಂಬುದನ್ನು ಗುಜರಾತಿನ ಅನ್ನ ಉಣ್ಣುವ ಕನ್ನಡಿಗರಾದ ನಾವು ನೆನೆಯುವುದು ಯುಕ್ತ.) ಸೂರತ್ತಿನ ವಜ್ರದ ವ್ಯಾಪಾರಿಗಳು 2014ರಲ್ಲಿ ವೆಂಚುರಾ ಎಂಬ ಹೆಸರಿನಲ್ಲಿ ಸ್ವಂತ ವಿಮಾನ ಕಂಪೆನಿಯನ್ನು ಹೂಡಿ, 2022ರ ಜನವರಿ 1ರಿಂದ ಸೂರತ್ತಿನಿಂದ ಅಹಮದಾಬಾದ್, ಭಾವನಗರ, ರಾಜಕೋಟ್, ಅಮರೇಲಿಗಳಿಗೆ 9 ಆಸನಗಳ ಸೆಸ್ನಾ ಗ್ರ್ಯಾಂಡ್ ಕ್ಯಾರವಾನ್ ವಿಮಾನಗಳನ್ನು ಹಾರಿಸತೊಡಗಿದರು. ಅದರ ಗಾಲಿಗಳೂ ಮಡಚುವುದಿಲ್ಲ. ಕಾಸಿಗೆ ಕಾಸು ಲೆಕ್ಕ ಹಾಕುವ ಜನರು ಸಣ್ಣ ದೂರಕ್ಕೆ ಈ ಸರಳ ವಿಮಾನವನ್ನು ಆರಿಸಿಕೊಂಡದ್ದರಲ್ಲಿ ವಿವೇಕವಿದೆ ಎಂದು ನಮ್ಮ ಅಭಿಪ್ರಾಯ.

ಹಾಗೆಂದ ಮಾತ್ರಕ್ಕೆ ಮಡಚದ ಗಾಲಿಗೆ ತೊಂದರೆಯೇ ಇಲ್ಲವೆಂದಲ್ಲ. ಕಲಿಯುವ ಹುಡುಗನು ಹೆಚ್ಚು ವೇಗದಲ್ಲಿ ನೆಲಕ್ಕೆ ಬಂದರೆ ವಿಮಾನವು ಚೆಂಡಿನಂತೆ ಪುಟಿಯುತ್ತದೆ. ಆತ ಗಾಬರಿಯಿಂದ ಮೂಗನ್ನು ಕೆಳಕ್ಕೆ ಒತ್ತಿದರೆ ಮುಂದಿನ ಸಣ್ಣ ಗಾಲಿಯೇ ಮೊದಲು ನೆಲಕ್ಕೆ ಬಡಿದು, ಎರಡನೆಯ ಮೂರನೆಯ ಪುಟಿತದಲ್ಲಿ ಮುರಿಯುತ್ತದೆ. ಹಿಂದಿನ ಎರಡು ಗಾಲಿಗಳು ಭಾರ ಹೊರಲಿಕ್ಕೆ ಹುಟ್ಟಿದವು. ಮುಂದಿನದು ದಾರಿ ತೋರಲಿಕ್ಕೆ ಮಾತ್ರ. ಪುಟಿದಾಗ ಮಾಡತಕ್ಕದ್ದು ಇಂಜಿನಿಗೆ ಪೂರ್ಣ ಶಕ್ತಿಯಿತ್ತು ಮತ್ತೆ ಮೇಲೇರಿ, ಒಂದು ಸುತ್ತು ಬಂದು ಹೊಸದಾಗಿ ಇಳಿಯುವುದು. ಇನ್ನೊಂದು ವ್ಯಾಧಿ ನಡುಕ. ಹಳೆಯ ಕೈಗಾಡಿಯ ಮುಂದಿನ ಗಾಲಿಯು ಓಡುವಾಗ ಎಡಬಲಕ್ಕೆ ತರತರನೆ ಅಲ್ಲಾಡುವಂತೆ ವಿಮಾನದ ಮೂಗಿನ ಗಾಲಿಯೂ ಅಲ್ಲಾಡುತ್ತದೆ. ಅದನ್ನು ತಡೆಯುವ ಪುಟ್ಟ ಸಾಧನ ಸವೆದಿದೆಯೆಂಬುದಕ್ಕೆ, ಇಲ್ಲವೆ ಟೈರಿನ ತೂಕ ಒಂದೇ ಸಮನಾಗಿಲ್ಲವೆಂಬುದಕ್ಕೆ ಅದು ಸೂಚನೆ. ಅಲಕ್ಷಿಸಿದರೆ ಬೋಲ್ಟುಗಳು ಸಡಿಲವಾಗುತ್ತವೆ.

ಇನ್ನು ಮಡಚುವ ಗಾಲಿಯ ಮಾತು. ಇದರಲ್ಲಿ ಎಲ್ಲಕ್ಕಿಂತ ವಿಚಿತ್ರವಾದ ಸಂಗತಿಯೆಂದರೆ, ವಿಮಾನಚಾಲಕನಿಗೆ ತನ್ನ ಗಾಲಿಗಳು ಕಾಣಿಸವು. ರಿಕ್ಷಾದವನು ತಲೆ ಹೊರಗೆ ಹಾಕಿ ಟೈರನ್ನು ನೋಡಬಲ್ಲ. ವಿಮಾನದ ಸಾರಥಿಯು ಗಾಲಿಗಳ ಮೇಲೆಯೇ ಕುಳಿತಿದ್ದಾನೆ, ಆದರೆ ಅವು ಇಳಿದುವೋ ಇಲ್ಲವೋ ಎಂಬುದನ್ನು ಮುಂದಿನ ಫಲಕದ ಮೇಲಿನ ಮೂರು ಹಸಿರು ದೀಪಗಳಿಂದಲೇ ತಿಳಿಯಬೇಕು. ಗಾಲಿಗೊಂದು ದೀಪ, ಮೂರೂ ಹೊತ್ತಿದರೆ ಮೂರೂ ಇಳಿದು ಕೊಂಡಿ ಬಿದ್ದಿದೆಯೆಂದು ಅರ್ಥ. ರೆಕ್ಕೆ ಮೇಲಿರುವ ಕೆಲವು ಸೆಸ್ನಾ ವಿಮಾನಗಳಲ್ಲಿ ಕಿಟಕಿಯಿಂದ ಬಗ್ಗಿದರೆ ಪಕ್ಕದ ಗಾಲಿ ಕಾಣುವುದುಂಟು. ಮೂಗಿನ ಗಾಲಿಗಾಗಿ ರೆಕ್ಕೆಗೆ ಪುಟ್ಟ ಕನ್ನಡಿಯನ್ನು ಕಟ್ಟಿಕೊಳ್ಳುವವರೂ ಇದ್ದಾರೆ. ಉಳಿದವರಿಗೆ ದೀಪವೇ ಗತಿ.

ದೀಪವೇ ಮೋಸ ಮಾಡಿದರೆ? ಪೈಪರ್ ಆ್ಯರೋ ಎಂಬ ನಾಲ್ಕು ಆಸನದ ವಿಮಾನದಲ್ಲಿ, ರೆಕ್ಕೆಯ ತುದಿಯ ದೀಪಗಳ ಸ್ವಿಚ್ಚನ್ನು ಒತ್ತಿದೊಡನೆ, ರಾತ್ರಿಯಲ್ಲಿ ಕಣ್ಣು ಕುಕ್ಕದಿರಲೆಂದು ಗಾಲಿಯ ದೀಪಗಳು ತಾವಾಗಿಯೇ ಮಂಕಾಗುತ್ತವೆ. ಹಗಲಲ್ಲಿ ಆ ಸ್ವಿಚ್ಚು ಹಾಕಿಯೇ ಉಳಿದಿದ್ದರೆ, ಬಿಸಿಲಿನ ಝಳದಲ್ಲಿ ಹೊತ್ತಿದ ದೀಪವೂ ಆರಿದಂತೆ ತೋರುತ್ತದೆ. ಗಾಲಿ ಸರಿಯಾಗಿಯೇ ಇಳಿದಿದ್ದರೂ ಚಾಲಕನು ಇಳಿದಿಲ್ಲವೆಂದು ಬಗೆದು ಕಂಗಾಲಾಗುವುದು ಹೀಗೆ. ಬಲ್ಬು ಸುಟ್ಟಿರುವ ಶಂಕೆಯಿದ್ದರೆ, ಹೊತ್ತಿದ ಪಕ್ಕದ ಬಲ್ಬನ್ನು ಕಿತ್ತು ಆರಿದ ಜಾಗಕ್ಕೆ ಹಾಕಿ ನೋಡುವ ಉಪಾಯವೂ ಉಂಟು.

ಇದು ಹುಡುಗಾಟದ ಮಾತಲ್ಲ. 1972ರ ಡಿಸೆಂಬರ್ 29ರ ರಾತ್ರಿ ಅಮೆರಿಕದ ಮಿಯಾಮಿಯಲ್ಲಿ ಈಸ್ಟರ್ನ್ ಕಂಪೆನಿಯ ದೊಡ್ಡ ವಿಮಾನವೊಂದು ಇಳಿಯಲು ಬಂದಾಗ ಮೂಗಿನ ಗಾಲಿಯ ದೀಪ ಹೊತ್ತಲಿಲ್ಲ. ಗಾಲಿ ಇಳಿದಿತ್ತು, ಸುಟ್ಟಿದ್ದುದು ಬಲ್ಬು. ವಿಮಾನವನ್ನು ಸ್ವಯಂಚಾಲಕ ಯಂತ್ರಕ್ಕೆ ಒಪ್ಪಿಸಿ ಚಾಲಕರೆಲ್ಲರೂ ಆ ಬಲ್ಬಿನ ಹಿಂದೆ ಬಿದ್ದರು. ಯಂತ್ರವು ಹಿಡಿದ ಎತ್ತರವನ್ನು ಬಿಟ್ಟು ವಿಮಾನವು ಮೆಲ್ಲಮೆಲ್ಲನೆ ಕೆಳಗಿಳಿಯುತ್ತಿದ್ದುದನ್ನು ಯಾರೂ ಗಮನಿಸಲಿಲ್ಲ. ಅದು ಜೌಗಿನಲ್ಲಿ ಬಿದ್ದು 101 ಜನ ಸತ್ತರು. 1978ರ ಡಿಸೆಂಬರ್ 28ರಂದು ಪೋರ್ಟ್‌ಲೆಂಡ್ ನಗರದ ಮೇಲೆ ಗಾಲಿಯ ವಿಷಯದಲ್ಲಿ ಸಂದೇಹ ಬಂದ ಯುನೈಟೆಡ್ ವಿಮಾನವೊಂದು ಒಂದು ತಾಸಿನಷ್ಟು ಸುತ್ತಿ ಸುತ್ತಿ, ಕಡೆಗೆ ಇಂಧನವೇ ತೀರಿ ಊರ ಅಂಚಿನಲ್ಲಿ ಬಿದ್ದಿತು. ಹತ್ತು ಮಂದಿ ಮಡಿದರು. ಎರಡು ಕಡೆಯೂ ಕೊಂದದ್ದು ಗಾಲಿಯಲ್ಲ. ಅಡುಗೆಮನೆಯಲ್ಲಿ ಒಂದು ಒಲೆ ಹೊತ್ತಲಿಲ್ಲವೆಂದು ಎಲ್ಲರೂ ಅದರ ಸುತ್ತ ನೆರೆದರೆ, ಇನ್ನೊಂದರ ಮೇಲಿನ ಎಣ್ಣೆಯ ಬಾಣಲೆಗೆ ಏನಾಗುವುದೆಂಬುದನ್ನು ನಮ್ಮ ಭಟ್ಟರುಗಳು ಬಲ್ಲರು.

ಮರೆವಿನ ವಿಷಯ ಬೇರೆ. ಯಂತ್ರದಲ್ಲಿ ಯಾವ ದೋಷವೂ ಇಲ್ಲದೆ, ಇಳಿಸುವುದನ್ನೇ ಮರೆತು ಹೊಟ್ಟೆಯ ಮೇಲೆ ಇಳಿದ ಸಣ್ಣ ವಿಮಾನಗಳು ಲೋಕದಲ್ಲಿ ಅಸಂಖ್ಯ. ಗಾಲಿ ಇಳಿಯದೆ ಇಂಜಿನಿನ ಶಕ್ತಿಯನ್ನು ತಗ್ಗಿಸಿದರೆ ಕಿರುಚುವ ಹಾರ್ನು ಇರುತ್ತದೆ, ಆದರೂ ಮರೆಯುತ್ತಾರೆ. ಎದುರಿಗೆ ಇನ್ನೊಂದು ವಿಮಾನ ಬಂದಿರುತ್ತದೆ, ಟವರಿನವನು ಏನೋ ಕೇಳಿರುತ್ತಾನೆ, ಗಮನ ಅತ್ತ ಹೋಗಿರುತ್ತದೆ. ಎರಡನೆಯ ಮಹಾಯುದ್ಧದ ಕಾಲಕ್ಕೆ ಅಮೆರಿಕದ ಬಾಂಬರು ವಿಮಾನಗಳು ಕ್ಷೇಮವಾಗಿ ಇಳಿದ ಮೇಲೆ ನೆಲದಲ್ಲಿಯೇ ಕುಸಿದು ಕೂರುತ್ತಿದ್ದುವು. ಆಲ್ಫೋನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞನು ಹೋಗಿ ನೋಡಲಾಗಿ, ರೆಕ್ಕೆಯ ಹಿಂಬದಿಯ ಫಲಕದ ಸ್ವಿಚ್ಚೂ ಗಾಲಿಯ ಸ್ವಿಚ್ಚೂ ಒಂದೇ ರೂಪದವಾಗಿ ಮಗ್ಗುಲಲ್ಲೇ ಇದ್ದುವು. ದಣಿದ ಚಾಲಕರು ಒಂದರ ಬದಲು ಇನ್ನೊಂದನ್ನು ಎಳೆಯುತ್ತಿದ್ದರು. ಆತ ಗಾಲಿಯ ಸ್ವಿಚ್ಚಿಗೆ ರಬ್ಬರಿನ ಪುಟ್ಟ ಚಕ್ರವನ್ನೂ ಮತ್ತೊಂದಕ್ಕೆ ಬೆಣೆಯಾಕಾರದ ತುಂಡನ್ನೂ ಅಂಟಿಸಿದನು. ಕಣ್ಣು ಬೇರೆ ಕಡೆ ಇದ್ದರೂ ಕೈಗೆ ಗೊತ್ತಾಯಿತು. ಇಂದಿಗೂ ವಿಮಾನಗಳಲ್ಲಿ ಗಾಲಿಯ ಹಿಡಿ ಚಕ್ರದ ಆಕಾರದಲ್ಲಿರುವುದು ಈ ಕಾರಣದಿಂದ. ಉಪ್ಪು ಮತ್ತು ಸಕ್ಕರೆಯ ಡಬ್ಬಗಳನ್ನು ಒಂದೇ ಮಾದರಿಯಲ್ಲಿ ಇಡುವ ಯಜಮಾನರು ಇದನ್ನು ಗಮನಿಸಬಹುದು.

ನೀರಿನ ಮೇಲೆ ಇಳಿಯುವ ವಿಮಾನಗಳಲ್ಲಿ ಲೆಕ್ಕವೇ ತಲೆಕೆಳಗು. 2020ರ ಅಕ್ಟೋಬರ್ 31ರಂದು ಸಾಬರಮತಿಯಿಂದ ಕೆವಡಿಯಾಕ್ಕೆ ನೀರು ವಿಮಾನದ ಸಂಚಾರ ಮೊದಲಾಗಿ, ಮುಂದಿನ ವರ್ಷವೇ ನಿಂತುಹೋದದ್ದು ಅಹಮದಾಬಾದಿನವರಿಗೆ ನೆನಪಿರಬಹುದು. ನೆಲಕ್ಕೂ ನೀರಿಗೂ ಇಳಿಯಬಲ್ಲ ವಿಮಾನವು ಗಾಲಿಗಳನ್ನು ಇಳಿಸಿಕೊಂಡೇ ನೀರಿಗೆ ಬಂದರೆ, ಗಾಲಿಗಳು ನೀರನ್ನು ಕಚ್ಚಿ ವಿಮಾನ ಕ್ಷಣಾರ್ಧದಲ್ಲಿ ಮಗುಚಿಬೀಳುತ್ತದೆ. ಹೊಟ್ಟೆಯ ಮೇಲೆ ಡಾಂಬರಿನಲ್ಲಿ ಇಳಿಯುವುದಕ್ಕಿಂತ ಇದು ಹೆಚ್ಚು ಮಾರಕ.

ಈಗ, ಗಾಲಿ ನಿಜವಾಗಿಯೇ ಇಳಿಯದಿದ್ದರೆ ಏನು ಮಾಡುವರೆಂಬುದನ್ನು ಹೇಳಬೇಕು. ಮೊದಲನೆಯದಾಗಿ, ಎತ್ತರಕ್ಕೆ ಏರಿ, ಇಳಿಯುವ ವಿಮಾನಗಳ ಸಾಲನ್ನು ಬಿಟ್ಟು ದೂರ ಸರಿಯುವುದು. ಅನಂತರ ಇಂಧನ ಎಷ್ಟಿದೆಯೆಂದು ನೋಡಿ, ಎಷ್ಟು ಹೊತ್ತು ಯೋಚಿಸಬಹುದೆಂದು ಗೊತ್ತುಮಾಡುವುದು. ಬಳಿಕ ಫ್ಯೂಸಿನ ಗುಂಡಿಗಳನ್ನು ಒಂದೊಂದಾಗಿ ನೋಡುವುದು. 2011ರ ನವೆಂಬರ್ 1ರಂದು ವಾರ್ಸಾದಲ್ಲಿ ಪೋಲೆಂಡಿನ ದೊಡ್ಡ ವಿಮಾನವೊಂದು 231 ಜನರೊಡನೆ ಹೊಟ್ಟೆಯ ಮೇಲೆ ಇಳಿದು ಎಲ್ಲರೂ ಬದುಕಿದರು. ತನಿಖೆ ಮಾಡಲಾಗಿ, ಹೊರಕ್ಕೆ ಚಿಮ್ಮಿದ್ದ ಅಂಥ ಒಂದು ಗುಂಡಿಯನ್ನು ಒತ್ತಿದ್ದರೆ ಬದಲಿ ಏರ್ಪಾಡಿನಿಂದ ಗಾಲಿ ಇಳಿಯುತ್ತಿತ್ತೆಂದು ತಿಳಿದುಬಂತು. ಮೋಟಾರು ಕೆಟ್ಟರೆ ಕೈಕೆಲಸವುಂಟು. ಬೀಚ್‌ಕ್ರಾಫ್ಟ್ ಬೊನಾಂಜಾದಲ್ಲಿ ಮುಂದಿನ ಆಸನಗಳ ಹಿಂದೆ ಒಂದು ಹಿಡಿಯಿದೆ. ಅದನ್ನು ಸುಮಾರು 50 ಸುತ್ತು ತಿರುಗಿಸಿದರೆ ಗಾಲಿ ಇಳಿಯುತ್ತದೆ. ಪೈಪರ್ ಆ್ಯರೋದಲ್ಲಿ ಎಣ್ಣೆಯ ಒತ್ತಡವನ್ನು ಬಿಟ್ಟುಕೊಟ್ಟರೆ ಗಾಲಿಗಳು ತಮ್ಮ ಭಾರದಿಂದಲೇ ಬೀಳುತ್ತವೆ. ಇಷ್ಟಾದ ಮೇಲೆ ಟವರಿನ ಮುಂದೆ ತಗ್ಗಾಗಿ ಹಾರಿ, ಗಾಲಿ ಇಳಿದಿದೆಯೇ ನೋಡಿರೆಂದು ಕೆಳಗಿನವರನ್ನು ಕೇಳುವ ಕ್ರಮವುಂಟು. ಕೆಳಗಿನವರ ಕಣ್ಣಿಗೆ ಕಾಣುವುದು ಗಾಲಿ ಮಾತ್ರ. ಕೊಂಡಿ ಬಿದ್ದಿದೆಯೇ ಎಂಬುದು ಅವರಿಗೂ ಕಾಣದು.

ಯಾವುದೂ ನಡೆಯದಿದ್ದರೆ ಹೊಟ್ಟೆಯ ಮೇಲೆ ಇಳಿಯುವುದು. ಇದನ್ನು ಕೇಳಿ ಎದೆ ನಡುಗುವುದು ಸಹಜ. ಆದರೆ ನೆಟ್ಟನೆಯ ರನ್‌ವೇಯಲ್ಲಿ, ಬೆಂಕಿ ಆರಿಸುವವರು ಸಿದ್ಧರಾಗಿರುವಲ್ಲಿ, ಸಮಾಧಾನದಿಂದ ಇಳಿದ ಸಣ್ಣ ವಿಮಾನದಲ್ಲಿ ಜೀವಹಾನಿಯಾಗುವುದು ಅಪರೂಪ. ನಷ್ಟ ಪ್ರೊಪೆಲ್ಲರಿಗೆ, ಇಂಜಿನಿಗೆ, ಯಜಮಾನನ ಜೇಬಿಗೆ. ಪ್ರಯಾಣಿಕರು ಬೆಲ್ಟು ಬಿಗಿದಿರಬೇಕು. ಸಣ್ಣ ವಿಮಾನದ ಬಾಗಿಲು ಬಾಗಿದ ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳದಂತೆ ಅದನ್ನು ಮುಂಚೆಯೇ ಸಡಿಲಿಸುವರು. ನೆಲಕ್ಕೆ ಮುಟ್ಟಿದ ಮೇಲೆ ಪಾರಾಗುವೆನೆಂದು ಮತ್ತೆ ಮೇಲೇರಲು ಹೋಗಬಾರದು. 2020ರ ಮೇ 22ರಂದು ಕರಾಚಿಯಲ್ಲಿ ಪಾಕಿಸ್ತಾನದ ವಿಮಾನವು ಗಾಲಿಯಿಲ್ಲದೆ ನೆಲವನ್ನು ಮುಟ್ಟಿ, ಇಂಜಿನುಗಳನ್ನು ಉಜ್ಜಿಸಿಕೊಂಡು, ಪುನಃ ಮೇಲೇರಿತು. ಉಜ್ಜಿದ ಇಂಜಿನುಗಳೆರಡೂ ಕೆಲವು ನಿಮಿಷಗಳಲ್ಲಿ ನಿಂತುವು. ವಿಮಾನದಲ್ಲಿದ್ದ 99 ಮಂದಿಯಲ್ಲಿ ಉಳಿದವರು ಇಬ್ಬರು. ಮೊದಲ ಸಲವೇ ಜಾರಿಕೊಂಡು ನಿಂತಿದ್ದರೆ ಎಂಬ ಯೋಚನೆ ಬಾರದಿರದು.

ಸಮಾಧಾನದಿಂದ ಇಳಿದುದಕ್ಕೆ ನಮ್ಮ ಬೆಂಗಳೂರಿನ ದೃಷ್ಟಾಂತವೇ ಇದೆ. 2023ರ ಜುಲೈ 11ರಂದು ಪ್ರೀಮಿಯರ್ 1ಎ ಎಂಬ ಸಣ್ಣ ಖಾಸಗಿ ಜೆಟ್ಟು ಎಚ್.ಎ.ಎಲ್. ನಿಲ್ದಾಣದಿಂದ ದೇವನಹಳ್ಳಿಯ ನಿಲ್ದಾಣಕ್ಕೆ ಹೊರಟಿತು. ಅದೇ ಊರಿನೊಳಗಿನ ಪ್ರಯಾಣ; ನಮ್ಮ ಮಣಿನಗರದಿಂದ ಸಾಬರಮತಿಗೆ ಹೋದಂತೆ. ಮೇಲೆದ್ದ ಮೇಲೆ ಮೂಗಿನ ಗಾಲಿ ತೊಡಕಿತು. ಇಬ್ಬರು ಚಾಲಕರಲ್ಲದೆ ಬೇರಾರೂ ಇರಲಿಲ್ಲ. ಅವರು ಹಿಂದಿರುಗಿ ಬಂದು, ನೊರೆ ಚೆಲ್ಲಿದ ರನ್‌ವೇಯ ಮೇಲೆ ಹಿಂದಿನ ಎರಡು ಗಾಲಿಗಳನ್ನು ಊರಿ, ಮೂಗನ್ನು ಸಾಧ್ಯವಾದಷ್ಟು ಹೊತ್ತು ಎತ್ತಿ ಹಿಡಿದು, ವೇಗ ತಗ್ಗಿದ ಮೇಲೆ ಮೆಲ್ಲನೆ ಕೆಳಗಿಟ್ಟರು. ಇಬ್ಬರೂ ನಡೆದುಕೊಂಡು ಹೊರಬಂದರು.

ಗಾಲಿಯ ರೋಗಕ್ಕೆ ಮದ್ದು ಆಕಾಶದಲ್ಲಿಲ್ಲ, ಶೆಡ್ಡಿನಲ್ಲಿದೆ. ಮೆಕ್ಯಾನಿಕನು ವಿಮಾನವನ್ನು ಜಾಕಿನ ಮೇಲೆ ಎತ್ತಿ, ಗಾಲಿಗಳನ್ನು ಮೇಲೆ ಕೆಳಗೆ ಆಡಿಸಿ ನೋಡುತ್ತಾನೆ. ಹಾರ್ನು ಕೂಗುತ್ತದೆಯೇ, ಕೈಹಿಡಿಯಿಂದಲೂ ಇಳಿಯುತ್ತದೆಯೇ ಎಂದು ಪರೀಕ್ಷಿಸುತ್ತಾನೆ. ಕಾಲಿನೊಳಗೆ ಎಣ್ಣೆಯೂ ಗಾಳಿಯೂ ತುಂಬಿರುತ್ತವೆ. ಹೊರಗೆ ಕಾಣುವ ಹೊಳಪಿನ ಕೊಳವೆಯ ಉದ್ದ ತಗ್ಗಿದರೆ ಒಳಗಿನದು ಸೋರಿದೆಯೆಂದು ಅರ್ಥ. ಸೂರತ್ತು, ಭಾವನಗರಗಳ ಉಪ್ಪುಗಾಳಿ ಕೀಲುಗಳನ್ನು ತಿನ್ನುತ್ತದೆ. ಮಳೆಗಾಲದ ಕೆಸರು ಸ್ವಿಚ್ಚುಗಳಿಗೆ ಮೆತ್ತಿಕೊಳ್ಳುತ್ತದೆ. ಮಾಡಿದ ಪ್ರತಿಯೊಂದು ಕೆಲಸವನ್ನೂ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಈ ಲೆಕ್ಕದ ಮಹಿಮೆಯನ್ನು ನಮ್ಮ ಗುಮಾಸ್ತ ಬಂಧುಗಳಿಗೆ ಹೇಳಿಕೊಡಬೇಕಾಗಿಲ್ಲ.

ಇಲ್ಲಿ ಒಂದು ಮಾತನ್ನು ಕಠಿಣವಾಗಿದ್ದರೂ ಹೇಳುತ್ತೇವೆ. ಕೈಯಲ್ಲಿ ನಾಲ್ಕು ಕಾಸು ಓಡಾಡುವ ನಮ್ಮ ಹೋಟೆಲು ಮಾಲೀಕರಲ್ಲಿ ಕೆಲವರು ಮಗನನ್ನು ಪೈಲಟ್ ಮಾಡಬೇಕೆಂದು ಸಾಲ ಮಾಡುತ್ತಾರೆ. ವಿಮಾನದ ಕೆಳಗೆ ಅಂಗಾತ ಮಲಗಿ ಗಾಲಿಯ ಕೀಲನ್ನು ನೋಡುವ ವಿದ್ಯೆಯನ್ನು ಕಲಿಸಬೇಕೆಂದು ಬಂದ ತಂದೆಯನ್ನು ನಾವು ಇದುವರೆಗೆ ಕಂಡಿಲ್ಲ. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿ ತೇರ್ಗಡೆಯಾದ ಹುಡುಗನು ವಿಮಾನ ದುರಸ್ತಿಯ ಇಂಜಿನಿಯರ ಶಿಕ್ಷಣಕ್ಕೆ ಸೇರಿ, ಡಿ.ಜಿ.ಸಿ.ಎ.ಯ ಪರೀಕ್ಷೆಗಳನ್ನು ಮುಗಿಸಿ ಲೈಸೆನ್ಸು ಪಡೆಯಬಹುದು. ಪೈಲಟ್ ಆಗಲು ತಗಲುವ ಹಣದಲ್ಲಿ ಅಲ್ಪ ಭಾಗ ಸಾಕು. ಆತನ ಸಹಿ ಇಲ್ಲದೆ ವಿಮಾನ ಹೊರಡಲಾರದು. ಹಾಗೆಯೇ, ಏರ್ ಆಂಬುಲೆನ್ಸು ಗೊತ್ತುಮಾಡುವ ಸಂಘದವರು ದರವನ್ನು ಮಾತ್ರ ಚೌಕಾಸಿ ಮಾಡದೆ, ಆ ಕಂಪೆನಿಗೆ ಡಿ.ಜಿ.ಸಿ.ಎ.ಯ ಪರವಾನಗಿ ಇದೆಯೇ ಎಂದು ಕೇಳುವುದು ಅವಶ್ಯ.

ಏರ್ ಆಂಬುಲೆನ್ಸಿನ ಪ್ರಸಂಗವೊಂದನ್ನು ಹೇಳಲೇಬೇಕು. 2021ರ ಮೇ 6ರಂದು, ಕೊರೋನಾ ಉಲ್ಬಣಿಸಿದ್ದ ದಿನಗಳಲ್ಲಿ, ಬಾಗ್‌ಡೋಗ್ರಾದಿಂದ ಮುಂಬಯಿಗೆ ರೋಗಿಯನ್ನು ಸಾಗಿಸುತ್ತಿದ್ದ ಬೀಚ್‌ಕ್ರಾಫ್ಟ್ ಸಿ-90 ವಿಮಾನವು ಇಂಧನಕ್ಕಾಗಿ ನಾಗಪುರದಲ್ಲಿ ಇಳಿದಿತ್ತು. ಪುನಃ ಮೇಲೇಳುವಾಗ ಅದರ ಒಂದು ಗಾಲಿ ಕಳಚಿ ನೆಲಕ್ಕೆ ಬಿತ್ತು. ನಿಲ್ದಾಣದ ಕಾವಲಿನಲ್ಲಿದ್ದ ಸಿ.ಐ.ಎಸ್.ಎಫ್. ಪಡೆಯವನೊಬ್ಬನು ಅದನ್ನು ಕಂಡು ಕೂಡಲೇ ಸುದ್ದಿ ಮುಟ್ಟಿಸಿದನು. ಒಳಗೆ ರೋಗಿ, ಜೊತೆಗೆ ಬಂದ ಬಂಧು, ವೈದ್ಯ, ಇಬ್ಬರು ಚಾಲಕರು, ಹೀಗೆ ಐವರು. ಚಾಲಕರು ಮುಂಬಯಿಯನ್ನು ಸೇರಿ, ಉಳಿದ ಗಾಲಿಗಳನ್ನೂ ಇಳಿಸದೆ, ನೊರೆ ಹಾಸಿದ ರನ್‌ವೇಯ ಮೇಲೆ ರಾತ್ರಿಯ ಹೊತ್ತಿನಲ್ಲಿ ಹೊಟ್ಟೆಯ ಮೇಲೆ ಇಳಿಸಿದರು. ಒಂದೇ ಕಡೆ ಗಾಲಿಯಿದ್ದರೆ ವಿಮಾನ ಗಿರ್ರನೆ ತಿರುಗಿ ಮಗುಚುವ ಭಯ. ಎರಡೂ ಇಲ್ಲದಿದ್ದರೆ ನೇರವಾಗಿ ಜಾರುತ್ತದೆ. ಐವರೂ ಉಳಿದರು, ರೋಗಿ ಆಸ್ಪತ್ರೆ ಸೇರಿದನು. ಆ ಕಾವಲುಗಾರನಿಗೆ ಇಲಾಖೆಯು ಬಹುಮಾನವಿತ್ತುದು ಉಚಿತವೇ ಸರಿ.

ಇಂಥದೇ ಪ್ರಸಂಗ ನಮ್ಮ ಗುಜರಾತಿನ ಕಾಂಡ್ಲಾದಲ್ಲಿ 2025ರ ಸೆಪ್ಟೆಂಬರ್ 12ರಂದು ನಡೆಯಿತು. ಇದು ಖಾಸಗಿ ವಿಮಾನವಲ್ಲ, ಸ್ಪೈಸ್‌ಜೆಟ್ಟಿನ ಪ್ರೊಪೆಲ್ಲರ್ ವಿಮಾನ. ಮುಂಬಯಿಗೆ ಹೊರಟ ಪ್ರಯಾಣಿಕರು ಸುಮಾರು 75. ಅದು ಮೇಲೆದ್ದಾಗ ಕರಿಯದೊಂದು ದೊಡ್ಡ ವಸ್ತು ಕೆಳಗೆ ಬೀಳುವುದನ್ನು ಟವರಿನವನು ಕಂಡನು. ಜೀಪನ್ನು ಅಟ್ಟಿ ನೋಡಿಸಲಾಗಿ ರನ್‌ವೇಯಲ್ಲಿ ವಿಮಾನದ ಗಾಲಿ ಬಿದ್ದಿತ್ತು. ಈ ವಿಮಾನದಲ್ಲಿ ಒಂದೊಂದು ಕಾಲಿಗೂ ಜೋಡಿ ಗಾಲಿಗಳಿರುವುದರಿಂದ ಉಳಿದ ಒಂದರ ಮೇಲೆ ಭಾರ ಹೊತ್ತು ಅದು ಮುಂಬಯಿಯಲ್ಲಿ ಇಳಿಯಿತು. ರನ್‌ವೇಯಿಂದ ತನ್ನ ಬಲದ ಮೇಲೆಯೇ ಟರ್ಮಿನಲ್ಲಿಗೆ ಉರುಳಿಕೊಂಡು ಬಂತು. ಪ್ರಯಾಣಿಕರು ಎಂದಿನಂತೆ ಇಳಿದು ಹೊರಟುಹೋದರು.